ಗೇಟಿನಲ್ಲಿ ನಿಂತ ಮೂರು ಕಾಗದ

ಹನುಮಯ್ಯ ಸತ್ತ ಹನ್ನೊಂದನೆಯ ದಿನ ಊಟಕ್ಕೆ ಕೂತಿದ್ದೆವು. ಪಕ್ಕದ ಎಲೆಯವನು ವಡೆ ಮುರಿಯುತ್ತಾ, "ಒಳ್ಳೆ ಮನುಷ್ಯನೇಯ. ಆದ್ರೆ ಕಾಗ್ದ ಮುಚ್ಚಿಟ್ಬುಟ್ನಲ್ಲ, ಆ ಪಾಪ ಬುಡ್ತದಾ?" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. "ಅವನ ಮನೇಲೇ ಉಣ್ತಾ ಅವನ್ನೇ ಆಡ್ಕೊಳ್ತೀಯಲ್ಲ, ನಾಚ್ಕೆ ಆಗಲ್ವೇನ್ಲಾ? ಮುಚ್ಕೊಂಡು ಉಣ್ಣು" ಎಂದು ಎಲ್ಲರ ಎದುರೇ ಗದರಿದೆ. ಅವನು ತಬ್ಬಿಬ್ಬಾಗಿ ಸಾರು ಕಲಸಿಕೊಂಡ.

ನನ್ನ ಮುಂಗೋಪ ಊರಿಗೆಲ್ಲ ಗೊತ್ತು. ಇಪ್ಪತ್ತೆಂಟು ವರ್ಷ ಹೊಸೂರಿನಲ್ಲಿ ಸೈಕಲ್ ತುಳಿದ ಪೋಸ್ಟ್‌ಮ್ಯಾನ್ ಮುನಿಯಪ್ಪ ನಾನು. ಮನಿಯಾರ್ಡರ್ ತಡವಾಯಿತು ಎಂದು ಯಾರಾದರೂ ರಾಗ ಎಳೆದರೆ ಅಲ್ಲೇ ಜಗಳ. ನನ್ನ ಹೆಂಡತಿ ಪಾರ್ವತಮ್ಮ ಹೇಳುವಂತೆ, ಒಲೆ ಮೇಲಿಟ್ಟ ಹಾಲಾದರೂ ಉಕ್ಕುವ ಮುಂಚೆ ಒಂದು ಸೂಚನೆ ಕೊಡುತ್ತದೆ, ನಾನು ಅದೂ ಕೊಡುವುದಿಲ್ಲ. ಆ ಕೋಪವೇ ಈ ಕತೆಯಲ್ಲಿ ಒಂದು ಕೆಲಸ ಮಾಡಿತು. ಅದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಹನುಮಯ್ಯನ ಬಗ್ಗೆ ಬರೆಯಲು ಕೂತ ಮೇಲೆ ಅದನ್ನು ಬಿಟ್ಟು ಬರೆದರೆ ಅದು ಬರವಣಿಗೆಯೇ ಅಲ್ಲ.

ಹನುಮಯ್ಯ ನನಗಿಂತ ಎಂಟು ವರ್ಷ ದೊಡ್ಡವನು. ಹೊಸೂರಿನ ಹೊರವಲಯದಲ್ಲಿ ಅವನಿಗೆ ಮೂರೆಕರೆ ರಾಗಿ ಹೊಲವಿತ್ತು. ಎಪ್ಪತ್ತರ ದಶಕದಲ್ಲಿ ಕಾರ್ಖಾನೆಗಳಿಗೆಂದು ಸರ್ಕಾರ ಆ ಕಡೆಯ ಭೂಮಿಯನ್ನೆಲ್ಲ ತೆಗೆದುಕೊಂಡಿತು. ಇವನ ಹೊಲದ ಮೇಲೆ ಯಂತ್ರಗಳಿಗೆ ಗಿಯರ್ ಚಕ್ರ ಮಾಡುವ ಒಂದು ಕಾರ್ಖಾನೆ ಎದ್ದಿತು. ಅದರ ಹೆಸರು ನನಗೆ ಬೇಡ, ಆ ಕಾರ್ಖಾನೆ ಈಗ ಇಲ್ಲ. ಜಮೀನು ಕೊಟ್ಟವನಿಗೆ ಒಂದು ಕೆಲಸ ಎಂದು ಇವನನ್ನು ಗೇಟಿನ ಕಾವಲಿಗೆ ಹಾಕಿದರು. "ನಮ್ಮೊಲಕ್ಕೆ ನಾನೇ ಕಾವಲು ಕಣ್ಲಾ ಮುನಿಯಾ. ಮುಂಚೆ ಹಂದಿ ಕಾಯ್ತಿದ್ದೆ, ಈಗ ಲಾರಿ ಕಾಯ್ತೀನಿ" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಆ ನಗುವಿನಲ್ಲಿ ಸಂಕಟ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಅವನು ಕೆಲಸವನ್ನು ಪ್ರೀತಿಯಿಂದ ಮಾಡಿದ. ಖಾಕಿ ಬಟ್ಟೆಗೆ ದಿನಾ ಗಂಜಿ ಹಾಕಿಸುತ್ತಿದ್ದ. ಅವನು ಕೂತರೆ ಷರಟು ಕರಕರ ಸದ್ದು ಮಾಡುತ್ತಿತ್ತು.

ಮನೆಯಲ್ಲಿ ಕನ್ನಡ, ಆಫೀಸರ ಹತ್ತಿರ ತಮಿಳು, ಲಾರಿ ಡ್ರೈವರ ಹತ್ತಿರ ತೆಲುಗು, ಮೂರನ್ನೂ ನೀರು ಕುಡಿದ ಹಾಗೆ ಆಡುತ್ತಿದ್ದ. ಓದು ಮಾತ್ರ ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಆದರೂ ಕಾಗದದ ಮೇಲಿನ ಹೆಸರುಗಳನ್ನು ಒಂದೊಂದೇ ಅಕ್ಷರ ಹಿಡಿದು ಓದುವುದನ್ನು ಕಲಿತ. ಮೂರು ಭಾಷೆಯವನು ಎಂದು ಕಾರ್ಖಾನೆಯವರು ಅವನನ್ನು ತಪಾಲಿಗೆ ಹಾಕಿದರು. ಕೆಲಸಗಾರರಿಗೆ ಬರುವ ಕಾಗದಗಳನ್ನೆಲ್ಲ ನನ್ನಿಂದ ಇಸಿದುಕೊಂಡು, ಅವರು ಪಾಳಿ ಮುಗಿಸಿ ಹೊರಗೆ ಬರುವಾಗ ಕೊಡುವುದು ಅವನ ಕೆಲಸ. ಹಳೆಯ ಪೆಟ್ಟಿಗೆಗಳ ಹಲಗೆ ತಂದು ಅವನೇ ಗೂಡುಗೂಡಿನ ಕಪಾಟು ಮಾಡಿದ್ದ. ಕಾರ್ಖಾನೆಯ ವಿಳಾಸ ಕಂಡರೆ ಸಾಕು, ಯಾರ ಹೆಸರಿಗೆ ಎಂದು ನೋಡದೆ ನಾನು ಎಲ್ಲವನ್ನೂ ಒಂದೇ ಕಟ್ಟಿಗೆ ಸೇರಿಸುತ್ತಿದ್ದೆ. ದಿನಾ ಹನ್ನೊಂದು ಗಂಟೆಗೆ ಆ ಕಟ್ಟು ಕೊಟ್ಟಾಗ, "ಇವತ್ತೇನ್ಲಾ ತಂದಿದ್ದೀಯ, ಮದ್ವೆಯೋ ತಿಥಿಯೋ?" ಎಂದು ಕೇಳುತ್ತಿದ್ದ. ನಾನು ಕಾಲು ಗಂಟೆ ಅಲ್ಲಿ ಕೂತು ಟೀ ಕುಡಿದೇ ಹೊರಡುತ್ತಿದ್ದೆ.

ಎಂಬತ್ನಾಲ್ಕರ ಜನವರಿಯಲ್ಲಿ ಆ ಕಾರ್ಖಾನೆಗೆ ಒಂದು ತಲೆನೋವು ಬಂತು. ಮಾರ್ಚಿ ಕೊನೆಯೊಳಗೆ ದೊಡ್ಡದೊಂದು ಆರ್ಡರು ಮುಗಿಸಬೇಕು. ಇತ್ತ ಮದುವೆಯ ಕಾಲ. ನಮ್ಮ ಹುಡುಗರಿಗೆ ಲಗ್ನಪತ್ರಿಕೆ ಬಂದರೆ ಸಾಕು, ಅದನ್ನು ಫೋರ್‌ಮನ್ ಮುಂದೆ ಹಿಡಿದು ನಾಲ್ಕು ದಿನ ರಜೆ. ಚಿಕ್ಕಪ್ಪನ ಮಗಳ ಮದುವೆ, ಭಾವನ ತಂಗಿಯ ಮದುವೆ, ಊರ ಶಾನುಭೋಗರ ಮದುವೆ! ಲೇತು ಯಂತ್ರಗಳು ಖಾಲಿ ನಿಂತವು. ಹೊರಗಿನಿಂದ ಬಂದಿದ್ದ ಆಫೀಸರು ಹನುಮಯ್ಯನನ್ನು ಕರೆಸಿ, ಕುರ್ಚಿ ತೋರಿಸಿ, "ನೀನು ಈ ಊರಿನವನು, ಇದಕ್ಕೇನು ಮಾಡೋಣ ಹೇಳು" ಎಂದು ಕೇಳಿದರಂತೆ. ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಇವನಿಗೆ ಕುರ್ಚಿ ತೋರಿಸಿರಲಿಲ್ಲ.

ಹನುಮಯ್ಯ ಉಬ್ಬಿಹೋದ. ತಲೆ ಓಡಿಸಿದ. ನಮ್ಮ ಕಡೆ ಶುಭದ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಯೇ ಕಳಿಸುವುದು. ಅದನ್ನು ಓದಬೇಕಾಗಿಲ್ಲ, ಒಡೆಯಬೇಕಾಗಿಲ್ಲ, ದೂರದಿಂದ ನೋಡಿದರೇ ತಿಳಿಯುತ್ತದೆ. "ಸಾರ್, ಮೂಲೆ ಹಳದಿ ಇರೋವೆಲ್ಲ ಮದ್ವೆ ಕಾಗ್ದ. ಅವನ್ನ ಗೇಟಲ್ಲೇ ನಿಲ್ಸಿ ಮಾರ್ಚಿ ಆದ್ಮೇಲೆ ಕೊಟ್ರಾಯ್ತು" ಎಂದ. ಆಫೀಸರು ಮೇಜು ಕುಟ್ಟಿ ಭೇಷ್ ಎಂದರು. ಮಾರನೆಯ ದಿನವೇ ಗೇಟಿಗೆ ಒಂದು ತಗಡಿನ ಡಬ್ಬ ಬಂತು. ಮೇಲೆ ಸೀಳು, ಕೆಳಗೆ ಬೀಗ. ಬೀಗದ ಕೈ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ. ಕೆಲಸಗಾರರಿಗೆ ಯಾರೂ ಹೇಳಲಿಲ್ಲ. ನನಗೆ ಹನುಮಯ್ಯ ಕಣ್ಣು ಮಿಟುಕಿಸಿ ಹೇಳಿದ. ನಾನೂ ನಕ್ಕೆ. ಕಾಗದ ತಡೆಯುವುದು ತಪ್ಪು ಎಂದು ಅಂಚೆಯವನಾದ ನನಗೆ ತಿಳಿಯಬೇಕಿತ್ತು. ಮದುವೆ ಪತ್ರಿಕೆ ತಾನೇ, ಏನು ಮಹಾ, ಅಂದುಕೊಂಡೆ.

ಅವನ ಕೆಲಸ ಹೀಗೆ ಸಾಗಿತು. ಕಟ್ಟು ಬಿಚ್ಚಿ, ಮೊದಲು ಹಳದಿ ಮೂಲೆಯವನ್ನು ಸರಸರ ಹೆಕ್ಕಿ ಡಬ್ಬಕ್ಕೆ ಹಾಕುವುದು. ಉಳಿದವುಗಳ ಹೆಸರನ್ನು ನಿಧಾನವಾಗಿ ಓದಿ ಗೂಡಿಗೆ ಇಡುವುದು. ಓದು ನಿಧಾನವಾದ್ದರಿಂದ ಹಳದಿಯವುಗಳ ಹೆಸರು ನೋಡುವ ಗೋಜಿಗೆ ಅವನು ಹೋಗಲೇ ಇಲ್ಲ.

ಆ ಕಾರ್ಖಾನೆಯಲ್ಲಿ ಚೆನ್ನಕೇಶವ ಎಂಬ ಲೇತಿನ ಹುಡುಗನಿದ್ದ. ಕೆಲಮಂಗಲದ ಕಡೆಯವನು, ಹೊಸೂರಿನಲ್ಲಿ ಹೆಂಡತಿಯೊಂದಿಗೆ ವಠಾರದ ಒಂದು ಮನೆಯಲ್ಲಿದ್ದ. ತಂದೆತಾಯಿ ಇಲ್ಲ. ಇದ್ದ ಒಬ್ಬಳೇ ತಂಗಿ ಲಕ್ಷ್ಮಿದೇವಮ್ಮನನ್ನು ಗುಮ್ಮಳಾಪುರದ ಆವುಲಪ್ಪನ ಮಗನಿಗೆ ಕೊಟ್ಟಿದ್ದರು. ಅವಳ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಗಿ ಮಗು ಉಳಿದಿರಲಿಲ್ಲ. ಈಗ ಎರಡನೆಯದು. ಈ ಸಲ ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಆಗಬೇಕು, ಹಳ್ಳಿಯಲ್ಲಿ ಇಟ್ಟುಕೊಳ್ಳಬೇಡಿ ಎಂದು ನರ್ಸು ಹೇಳಿದ್ದಳು. ಹೊಸೂರಿನ ಅಣ್ಣನ ಮನೆ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಹೋಗಿ ಕರೆತಂದರೆ ಮುಗಿಯಿತು.

ಅಲ್ಲೇ ಇತ್ತು ಕಷ್ಟ. ಬಸುರಿ ಹೆಣ್ಣು ತಾನಾಗಿಯೇ ಹೊರಟು ತೌರಿಗೆ ಬರುವಂತಿಲ್ಲ, ತೌರಿನವರು ಹೋಗಿ ಕರೆತರಬೇಕು. ತೌರಿನವರೂ ಗಂಡನ ಮನೆಯಿಂದ ಹೇಳಿಕೆ ಬರದೆ ಹೋಗುವಂತಿಲ್ಲ. ಚೆನ್ನಕೇಶವ ಸಂಕ್ರಾಂತಿಗೆ ಹೋಗಿ ಕೇಳಿದಾಗ ಆವುಲಪ್ಪ, "ಕಾಗ್ದ ಹಾಕಿಸ್ತೀವಿ, ಆಗ ಬಾರಪ್ಪ. ಕರೀದೆ ಬಂದು ಹೊಡ್ಕೊಂಡು ಹೋಗೋಕೆ ಇದೇನು ದನದ ಸಂತೇನಾ?" ಎಂದು ಬಾಗಿಲಲ್ಲೇ ನಿಲ್ಲಿಸಿ ಅಂದುಬಿಟ್ಟಿದ್ದ. ವಠಾರದಲ್ಲಿ ಕಾಗದ ಯಾರ ಕೈಗಾದರೂ ಸಿಗುತ್ತದೆಂದು ಚೆನ್ನಕೇಶವ ತಂಗಿಗೆ ಕಾರ್ಖಾನೆಯ ವಿಳಾಸ ಬರೆದುಕೊಟ್ಟು ಬಂದಿದ್ದ. ಅದರಲ್ಲಿ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಫೆಬ್ರವರಿ ಪೂರ್ತಿ ಅವನು ಪಾಳಿ ಬಿಟ್ಟ ಕೂಡಲೇ ಗೇಟಿಗೆ ಬಂದು, "ಹನುಮಯ್ಯಣ್ಣ, ನಂಗೇನಾದ್ರೂ ಬಂತಾ?" ಎನ್ನುತ್ತಿದ್ದ. ಹನುಮಯ್ಯ ಗೂಡಿಗೆ ಕೈ ಹಾಕಿ ನೋಡಿ, "ಇಲ್ಲ ಕಣಪ್ಪ, ನಾಳೆ ಬತ್ತದೆ ಬುಡು" ಎನ್ನುತ್ತಿದ್ದ. ಏಳನೇ ತಿಂಗಳು ಮುಗಿಯಿತು. ಎಂಟರಲ್ಲಿ ಬಸುರಿಯನ್ನು ಮನೆಯಿಂದ ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂಬತ್ತಕ್ಕಾದರೂ ಕರೆಯಬೇಕಲ್ಲ! ಹುಡುಗ ಸೊರಗಿಹೋದ. ಕೊನೆಗೆ ಮಾರ್ಚಿ ಮೊದಲ ವಾರದಲ್ಲಿ ನಮ್ಮ ಪೋಸ್ಟ್ ಆಫೀಸಿಗೇ ಬಂದು ಪೋಸ್ಟ್‌ಮಾಸ್ಟರ ಮುಂದೆ ನಿಂತು, "ನನ್ನ ತಂಗಿ ಕಾಗದ ಎಲ್ಲೋ ಕಳೆದೋಗ್ತಿದೆ ಸಾರ್" ಎಂದ. ಪೋಸ್ಟ್‌ಮಾಸ್ಟರು ನನ್ನ ಕಡೆ ತಿರುಗಿ ನೋಡಿದರು.

ನನಗೆ ರೇಗಿತು. ಇಪ್ಪತ್ತೆರಡು ವರ್ಷ ಸರ್ವೀಸಿನಲ್ಲಿ ಒಂದು ಕಾರ್ಡು ಕಳೆದವನಲ್ಲ ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವನ ತಂಗಿ ಬರೆಯದಿದ್ದರೆ ನನ್ನನ್ನೇಕೆ ನೋಡಬೇಕು? ಸಿಟ್ಟಿನಲ್ಲೇ ಸೈಕಲ್ ತುಳಿದು ಹನುಮಯ್ಯನ ಹತ್ತಿರ ಹೋಗಿ ಹಾರಾಡಿದೆ.

ಅವನು ನನಗೆ ಟೀ ಕೊಟ್ಟು ಕೂರಿಸಿದ. "ಕೂಗಾಡಿದ್ರೆ ಏನೂ ಸಿಗಕಿಲ್ಲ ಕಣ್ಲಾ. ಹೊಲಕ್ಕೆ ನೀರು ಬರ್ದಿದ್ರೆ ಏನು ಮಾಡ್ತೀವಿ? ಬಾವಿಯಿಂದ ಹಿಡ್ದು ಕಾಲ್ವೆ ಉದ್ದಕ್ಕೂ ನಡೀತೀವಿ. ಎಲ್ಲಿ ಕಟ್ಕೊಂಡದೆ ಅಂತ ಅಲ್ಲೇ ಗೊತ್ತಾಯ್ತದೆ. ನಡಿ, ಇದ್ನೂ ಹಂಗೇ ನೋಡವ" ಎಂದ. ಆ ಹುಡುಗನ ಮುಖ ನೋಡಿ ಅವನಿಗೆ ನಿಜವಾಗಿಯೂ ಕನಿಕರ ಹುಟ್ಟಿತ್ತು. ಅವನಿಗೆ ಇದರಲ್ಲಿ ಬೇರೆ ಯಾವ ಲಾಭವೂ ಇರಲಿಲ್ಲ.

ಆ ಭಾನುವಾರ ಇಬ್ಬರೂ ತಳಿ ಎಂಬ ಊರಿಗೆ ಬಸ್ಸಿನಲ್ಲಿ ಹೋದೆವು. ಗುಮ್ಮಳಾಪುರದ ತಪಾಲು ಚೀಲ ತಳಿಗೆ ಬರುತ್ತದೆ, ಅಲ್ಲಿಂದ ಹೊಸೂರಿಗೆ, ಹೊಸೂರಿನಿಂದ ನನ್ನ ಕೈಗೆ, ನನ್ನ ಕೈಯಿಂದ ಗೇಟಿಗೆ. ತಳಿಯಲ್ಲಿ ನನಗೆ ಗೊತ್ತಿದ್ದ ಅಂಚೆಯವನನ್ನು ಮನೆಯಿಂದ ಎಬ್ಬಿಸಿ ಕೇಳಿದೆವು. ಚೀಲ ಒಂದು ದಿನವೂ ತಪ್ಪಿಲ್ಲ, ಹರಿದಿಲ್ಲ, ನೆಂದಿಲ್ಲ ಎಂದ. ಗುಮ್ಮಳಾಪುರದ ಡಬ್ಬಿಯ ಹತ್ತಿರಕ್ಕೂ ಹೋಗಿ ಅದರ ಬಾಯಿಗೆ ಕೈ ಹಾಕಿ ನೋಡಿದೆವು. ಜೇನುಗೂಡೋ ಹಲ್ಲಿಯೋ ಕಾಗದಕ್ಕೆ ಅಡ್ಡ ಕೂತಿರಬಹುದೆಂದು ಹನುಮಯ್ಯನ ಅನುಮಾನ. ಏನೂ ಇರಲಿಲ್ಲ. ಆವುಲಪ್ಪನ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. "ಹೋಗಿ ಆ ಹುಡುಗೀನೇ ಕೇಳ್ಬುಡವಾ?" ಎಂದ ಹನುಮಯ್ಯ. "ನಾವ್ಯಾರು ಅಂತ ಹೋಗೋದು? ಪರಗಂಡಸರು ಹೋಗಿ ಬಸುರಿ ಹೆಂಗ್ಸನ್ನ ಕಾಗ್ದ ಬರ್ದ್ಯಾ ಅಂತ ಕೇಳಿದ್ರೆ ಆವುಲಪ್ಪ ಕಟ್ಟಿ ಹಾಕಿ ಹೊಡೀತಾನೆ" ಎಂದು ನಾನೇ ತಡೆದೆ.

ಅದಕ್ಕೆ ಬದಲು ಹನುಮಯ್ಯ ಒಂದು ಉಪಾಯ ಮಾಡಿದ. ಜೇಬಿನಿಂದ ಮೂರು ಕಾರ್ಡು ತೆಗೆದ. ಮೂರಕ್ಕೂ ಚೆನ್ನಕೇಶವನ ಹೆಸರು, ಕಾರ್ಖಾನೆಯ ವಿಳಾಸ. ಒಂದನ್ನು ಗುಮ್ಮಳಾಪುರದಲ್ಲಿ ಹಾಕಿದ, ಇನ್ನೊಂದನ್ನು ತಳಿಯಲ್ಲಿ, ಮತ್ತೊಂದನ್ನು ಹೊಸೂರಿನಲ್ಲಿ. "ಯಾವ್ದು ಬರಕಿಲ್ವೋ ಅಲ್ಲೇ ಕಟ್ಕೊಂಡದೆ ಅಂತ ಲೆಕ್ಕ" ಎಂದ. ಅವನ ಬುದ್ಧಿಗೆ ನಾನು ಒಳಗೊಳಗೇ ತಲೆದೂಗಿದೆ.

ಬುಧವಾರದ ಹೊತ್ತಿಗೆ ಮೂರೂ ಕಾರ್ಡು ಬಂದವು. ಬರದೆ ಏನು? ಮೂರೂ ಬರೀ ಕಾರ್ಡು, ಯಾವುದರ ಮೂಲೆಯಲ್ಲೂ ಅರಿಶಿನ ಇರಲಿಲ್ಲ. ಅವನು ಮೂರನ್ನೂ ಹೆಸರು ಓದಿ ಗೂಡಿಗಿಟ್ಟು, ನಾನು ಬಂದಾಗ ಮೇಲೆತ್ತಿ ತೋರಿಸಿದ. "ದಾರಿಯೆಲ್ಲ ನೆಟ್ಟಗದೆ ಕಣ್ಲಾ ಮುನಿಯಾ!" ಇಬ್ಬರಿಗೂ ಸಮಾಧಾನವಾಯಿತು. ಅವನ ಮೊಣಕೈ ಪಕ್ಕದಲ್ಲೇ ಆ ತಗಡಿನ ಡಬ್ಬ ಇತ್ತು. ನಾನು ಟೀ ಲೋಟವನ್ನು ಅದರ ಮೇಲೇ ಇಟ್ಟೆ. ಅದರಲ್ಲಿ ಇರುವುದು ಮದುವೆ ಪತ್ರಿಕೆ ಎಂದು ಅವನ ತಲೆಯಲ್ಲೂ ಕೂತಿತ್ತು, ನನ್ನ ತಲೆಯಲ್ಲೂ ಕೂತಿತ್ತು. ಹೆಣ್ಣುಮಗಳು ಶುಭಕ್ಕೆ ಬರೆಯುವ ಕಾಗದಕ್ಕೂ ಅರಿಶಿನ ಹಚ್ಚುತ್ತಾಳೆಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲದ ವಿಷಯವೇ? ನಮ್ಮ ಅಕ್ಕತಂಗಿಯರು ಹಚ್ಚಿಲ್ಲವೇ? ಗೊತ್ತಿದ್ದದ್ದೇ ಹೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ಶನಿವಾರ ಚೆನ್ನಕೇಶವ ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದ. ಹನುಮಯ್ಯನೂ ಜೊತೆಯಲ್ಲಿದ್ದ. "ಮುನಿಯಪ್ಪಣ್ಣ, ಒಂಬತ್ತಕ್ಕೆ ಬಿತ್ತು. ಕಾಗ್ದ ಬರ್ದೇ ಇದ್ರೆ ಬ್ಯಾಡ, ನಾಳೆ ಬೆಳಗ್ಗೆ ನಾನೇ ಹೋಗಿ ಕರ್ಕೊಂಡು ಬಂದ್ಬುಡ್ತೀನಿ. ಏನಾದ್ರೂ ಅನ್ಲಿ" ಎಂದ. ಕೈಯಲ್ಲಿ ಅವಳಿಗೆಂದು ಕೊಂಡ ಬಳೆಯ ಪೊಟ್ಟಣವಿತ್ತು.

ನಾನು ಏನು ಹೇಳಬೇಕಿತ್ತು? ಹೋಗಪ್ಪ, ಒಳ್ಳೇದಾಗಲಿ ಎನ್ನಬೇಕಿತ್ತು. ಆದರೆ ಪೋಸ್ಟ್‌ಮಾಸ್ಟರ ಆ ನೋಟ ಇನ್ನೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ನನ್ನ ಮೇಲೆ ದೂರು ಹೇಳಿದವನು ಇವನೇ ಅಲ್ಲವೇ! "ಕೇಳ್ಲಾ ಇಲ್ಲಿ" ಎಂದೆ. "ಮೂರು ಕಾರ್ಡು ಹಾಕಿ ನೋಡಿದ್ದೀವಿ, ಮೂರೂ ಬಂದವೆ. ನಿನ್ ತಂಗಿ ಬರ್ದಿದ್ರೆ ಬಂದೇ ಬರೋದು. ಅವ್ಳು ಬರ್ದೇ ಇಲ್ಲ. ಅವ್ಳ ಮಾವಂಗೆ ಕಳ್ಸೋ ಮನ್ಸಿಲ್ಲ, ಅಷ್ಟೇಯ. ಮತ್ತೆ ಹೋಗಿ ಅದೇ ಬಾಗ್ಲಲ್ಲಿ ನಿಂತು ಉಗಿಸ್ಕೊಂಡು ಬತ್ತೀಯಾ? ಮಾನ ಇದ್ರೆ ಕಾಗ್ದ ಬರೋಗಂಟ ಸುಮ್ಕಿರು."

ಹುಡುಗನ ಮುಖ ಬಿಳುಚಿತು. ಹನುಮಯ್ಯ ನನ್ನ ತೋಳು ಜಗ್ಗಿ, "ಹಂಗನ್ಬ್ಯಾಡ ಕಣ್ಲಾ, ಹೋಗ್ಲಿ ಬುಡು ಪಾಪ" ಎಂದ. ನಾನು ತೋಳು ಕೊಡವಿಕೊಂಡೆ. ಚೆನ್ನಕೇಶವ ಬಳೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಭಾನುವಾರ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಹೇಳಿಸಿಕೊಂಡವನೇ ನಾನು.

ಮನೆಗೆ ಬಂದು ಪಾರ್ವತಮ್ಮನಿಗೆ ಈ ಪ್ರತಾಪವನ್ನೆಲ್ಲ ಹೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ನಿಮ್ ಮಾನ ತಗೊಂಡೋಗಿ ಬಾವಿಗೆ ಹಾಕ. ಬಸುರಿ ಹೆಂಗ್ಸು ಅಲ್ಲಿ ದಾರಿ ಕಾಯ್ತಾ ಅವಳೆ, ನಿಮ್ಗೆ ಕಾರ್ಡು ಲೆಕ್ಕ" ಎಂದಳು. ನಾನು ಜೋರು ಮಾಡಿದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಆದರೆ ಅವಳು ಐದನೇ ಕ್ಲಾಸು ಓದಿದವಳು. ನನಗೆ ಹೇಳದೆಯೇ ಮಂಗಳವಾರ ಆ ಹುಡುಗನಿಗೆ ಕಾರ್ಖಾನೆಯ ವಿಳಾಸಕ್ಕೆ ಒಂದು ಇನ್‌ಲ್ಯಾಂಡ್ ಕಾಗದ ಬರೆದು ಡಬ್ಬಿಗೆ ಹಾಕಿದ್ದಳು.

ಇದು ನನಗೆ ಗೊತ್ತಾದದ್ದು ಭಾನುವಾರ ಸಂಜೆ. "ಆ ಚೆನ್ನಕೇಶವ ತಂಗೀನ ಕರ್ಕೊಂಡು ಬಂದ್ನಾ?" ಎಂದು ಕೇಳಿದಳು. "ಅವನ್ಯಾಕೆ ಹೋಗ್ತಾನೆ?" ಎಂದೆ. "ನಾನು ಬರ್ದಿದ್ನಲ್ಲ. ಕರೀದಿದ್ರೂ ಹೋಗಪ್ಪ, ತಂಗಿ ಮುಂದೆ ಎಂಥಾ ಮಾನ ಅಂತ." ಮೊದಲು ನನಗೆ ಬಂದದ್ದು ಕೋಪ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ನಿನ್ನೆ ಮಧ್ಯಾಹ್ನ ಆ ಹುಡುಗ ಗೇಟಿನಲ್ಲಿ ಹನುಮಯ್ಯನನ್ನು ಕೇಳಿದ್ದ, ಏನೂ ಇಲ್ಲ ಎಂದು ಹನುಮಯ್ಯ ನನ್ನ ಎದುರೇ ಹೇಳಿದ್ದ. ಹೊಸೂರಿನ ಡಬ್ಬಿಗೆ ಹಾಕಿದ ಕಾಗದ ಬೇರೆ ಯಾವ ಊರಿಗೂ ಹೋಗುವುದಿಲ್ಲ. ನಮ್ಮ ಆಫೀಸು, ನನ್ನ ಚೀಲ, ಗೇಟು. ಅಷ್ಟೇ.

ಸೋಮವಾರ ಹನ್ನೊಂದರವರೆಗೆ ಕಾಯಲಿಲ್ಲ. ಎಂಟಕ್ಕೇ ಹೋಗಿ ಗೇಟಿನಲ್ಲಿ ಕೂಗಾಡಿದೆ. "ನನ್ ಹೆಂಡ್ತಿ ಕಾಗ್ದ ಎಲ್ಲಿ? ನಾನು ನಿನ್ ಕೈಗೇ ಕೊಟ್ಟಿದ್ದೀನಿ!" ಹನುಮಯ್ಯ ಗೂಡುಗಳನ್ನೆಲ್ಲ ತಡಕಿದ. ಆಮೇಲೆ ನಿಂತು, ಮೆಲ್ಲಗೆ, "ನಮ್ ಪಾರ್ವತಮ್ಮ ಕಾಗ್ದಕ್ಕೆ ಅರಿಶಿಣ ಗಿರಿಶಿಣ ಹಚ್ಚಿತ್ತೇನ್ಲಾ?" ಎಂದು ಕೇಳಿದ.

ಹಚ್ಚದೆ ಬಿಡುತ್ತಾಳೆಯೇ? ಬಸುರಿಯ ವಿಷಯದ ಕಾಗದ.

ಇಬ್ಬರ ಕಣ್ಣೂ ಆ ತಗಡಿನ ಡಬ್ಬದ ಮೇಲೆ ಬಿತ್ತು. ಟೈಮ್ ಆಫೀಸಿನವರು ಒಂಬತ್ತಕ್ಕೆ ಬರುವವರೆಗೆ ಕಾಯಬೇಕಾಯಿತು. ಹನುಮಯ್ಯ ಆ ಒಂದು ಗಂಟೆ ಕೂರಲಿಲ್ಲ. ಬೀಗದ ಕೈ ಬಂದು ಡಬ್ಬ ತೆಗೆದಾಗ ಲಗ್ನಪತ್ರಿಕೆಗಳು ಸುರಿದವು, ಇನ್ನೂರಕ್ಕೆ ಕಮ್ಮಿ ಇಲ್ಲ. ಅವುಗಳ ಮಧ್ಯೆ ಪಾರ್ವತಮ್ಮನ ಕಾಗದ. ಅದರ ಕೆಳಗೆ ಒಂದು, ಇನ್ನೂ ಕೆಳಗೆ ಒಂದು, ತಳದಲ್ಲಿ ಮತ್ತೊಂದು. ಮೂರೂ ಗುಮ್ಮಳಾಪುರದ ಮುದ್ರೆಯವು. ಮೂರಕ್ಕೂ ಉಂಡೆ ಉಂಡೆ ಅಕ್ಷರದಲ್ಲಿ ಚೆನ್ನಕೇಶವನ ಹೆಸರು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕ್ದಂಗಾಯ್ತಲ್ಲೋ ಮುನಿಯಾ" ಎಂದ ಹನುಮಯ್ಯ.

ಚೆನ್ನಕೇಶವನನ್ನು ಲೇತಿನಿಂದ ಕರೆಸಿದೆವು. ಅವನು ಅಲ್ಲೇ ನಿಂತು ಓದಿದ. ಮೊದಲನೆಯದು ಫೆಬ್ರವರಿಯದು: ಮಾವ ಒಪ್ಪಿದ್ದಾರೆ, ಏಳು ಮುಗಿಯುವ ಮುಂಚೆ ಬುಧವಾರ ಬಾ, ಅತ್ತಿಗೆಯನ್ನೂ ಕರೆದುಕೊಂಡು ಬಾ. ಎರಡನೆಯದು: ಯಾಕಣ್ಣ ಬರಲಿಲ್ಲ, ಈಗ ಎಂಟು, ಬೇಡ, ಒಂಬತ್ತು ಬಿದ್ದ ಕೂಡಲೇ ಬಾ, ಮಾವ ಗೊಣಗುತ್ತಿದ್ದಾರೆ. ಮೂರನೆಯದರಲ್ಲಿ ನಾಲ್ಕೇ ಸಾಲು. ಕಾಲು ಊದಿದೆ, ಕಣ್ಣು ಕತ್ತಲೆ ಬರುತ್ತದೆ, ತಿಂಗಳ ಲೆಕ್ಕ ನೋಡಬೇಡ, ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ಬೈಯುವೆಯಂತೆ, ಈಗ ಬಾ.

ಅವನು ಕಾಗದಗಳನ್ನು ಜೇಬಿಗೆ ತುರುಕಿಕೊಂಡ. ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದ. ಮಧ್ಯಾಹ್ನ ಗುಮ್ಮಳಾಪುರ ಮುಟ್ಟಿದ. ಶನಿವಾರವೇ ಅವಳಿಗೆ ನೋವು ಬಂದಿತ್ತು. ತೌರಿನವರು ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಎಂದು ಆವುಲಪ್ಪ ಕೊನೆಯವರೆಗೂ ಗಾಡಿ ಕಟ್ಟಿರಲಿಲ್ಲ. ಕಟ್ಟಿದಾಗ ಹೊತ್ತು ಮೀರಿತ್ತು. ಗಂಡುಮಗು, ಉಸಿರಾಡಲೇ ಇಲ್ಲ. ತಾಯಿ ಉಳಿದಳು. ಎರಡು ದಿನ ತಡವಾಗಿತ್ತು, ಎರಡೇ ದಿನ. ನಾನು ತಡೆದ ಆ ಭಾನುವಾರ ಅವನು ಹೋಗಿದ್ದರೆ ಅವಳು ಆರು ದಿನ ಮುಂಚೆಯೇ ಹೊಸೂರಿನಲ್ಲಿ ಇರುತ್ತಿದ್ದಳು.

ಕಾರ್ಖಾನೆಯಲ್ಲಿ ಗಲಾಟೆಯಾಯಿತು. ಆಫೀಸರು ಕೈ ತೊಳೆದುಕೊಂಡರು, "ಹೇಳಿದ್ದು ಅವನೇ ತಾನೇ" ಎಂದರು. ಹನುಮಯ್ಯ ಹೌದೆಂದ. ತಪಾಲು ಬೇಡ ಎಂದು ತಾನೇ ಬರೆದುಕೊಟ್ಟ. ಅವನನ್ನು ಕಬ್ಬಿಣದ ಗುಜರಿ ಬಿದ್ದಿರುವ ಹಿಂದಿನ ಅಂಗಳದ ಕಾವಲಿಗೆ ಹಾಕಿದರು. ನಾಲ್ಕು ವರ್ಷ ಅಲ್ಲೇ ಇದ್ದು ರಿಟೈರಾದ. ಬಟ್ಟೆಗೆ ಗಂಜಿ ಹಾಕಿಸುವುದನ್ನು ಬಿಟ್ಟ. ಮನೆಗೆ ಯಾರದಾದರೂ ಕಾಗದ ಬಂದರೆ ಕೈಯಲ್ಲಿ ಮುಟ್ಟುತ್ತಿರಲಿಲ್ಲ, ಸೊಸೆಯನ್ನು ಕೂಗುತ್ತಿದ್ದ. ನಾನು ಎದುರು ಸಿಕ್ಕರೆ ಮಾತಾಡುತ್ತಿದ್ದ, ನಗುತ್ತಲೂ ಇದ್ದ. ಬಸ್‌ಸ್ಟ್ಯಾಂಡಿನ ಮಾತನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ. ಚೆನ್ನಕೇಶವನೂ ಎತ್ತಲಿಲ್ಲ. ಊರಿನವರ ಬಾಯಲ್ಲಿ ತಪ್ಪೆಲ್ಲ ಹನುಮಯ್ಯನದೇ ಆಯಿತು. ನಾನು ಕಾಗದ ಹುಡುಕಿಕೊಟ್ಟ ಪೋಸ್ಟ್‌ಮ್ಯಾನ್ ಆದೆ.

ಇನ್ನೊಂದು ಹೇಳಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಹನುಮಯ್ಯ ನನ್ನ ಮನೆಗೆ ಬಂದು, "ಆ ಹುಡುಗಿ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳ್ಬೇಕು ಕಣ್ಲಾ. ಒಬ್ನೇ ಹೋಗೋಕೆ ಧೈರ್ಯ ಸಾಲ್ದು, ಜತೇಗೆ ಬಾ" ಎಂದ. ಹೋದೆವು. ಲಕ್ಷ್ಮಿದೇವಮ್ಮ ಗಂಡನ ಮನೆಯಲ್ಲೇ ಇದ್ದಳು. ಅಣ್ಣ ಎರಡು ಸಲ ಕರೆಯಲು ಬಂದರೂ ಅವಳು ಹೋಗಿರಲಿಲ್ಲ. ಇಪ್ಪತ್ತೆರಡರ ಹುಡುಗಿ, ಕಣ್ಣಿನ ಸುತ್ತ ಕಪ್ಪು. ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿದಳು.

ಹನುಮಯ್ಯ ಕೂರಲಿಲ್ಲ. ಕೈ ಮುಗಿದು ನಿಂತೇ ಎಲ್ಲವನ್ನೂ ಹೇಳಿದ. ಆಫೀಸರು, ಕುರ್ಚಿ, ಡಬ್ಬ, ಒಂದನ್ನೂ ಬಿಡಲಿಲ್ಲ. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು. ಆಮೇಲೆ, "ಸರಿ, ಕಾಗ್ದ ಸಿಗ್ಲಿಲ್ಲ. ಅದು ನನ್ ಹಣೇಬರ" ಎಂದಳು. "ಆದ್ರೆ ಕಾಗ್ದ ಇಲ್ದಿದ್ರೂ ನಮ್ಮಣ್ಣ ಬರೋಕೆ ಹೊಲ್ಟಿದ್ನಂತೆ. ಬಳೆ ತಕ್ಕೊಂಡಿದ್ನಂತೆ, ಅತ್ತಿಗೆ ಹೇಳಿದ್ಲು. ಯಾರೋ ಹೋಗ್ಬ್ಯಾಡ ಅಂದ್ರಂತೆ. ನಿನ್ ತಂಗಿ ಬರ್ದೇ ಇಲ್ಲ ಅಂತ ಅವನ್ನ ನಂಬ್ಸಿದ್ರಂತೆ. ಯಾರು ಅಂದ್ರೆ ಅಣ್ಣ ಬಾಯೇ ಬುಡಕಿಲ್ಲ. ಗೇಟಿನೋರು ನಿಮಗೆ ಗೊತ್ತಿರ್ತದೆ. ಯಾರು ಹಂಗಂದೋರು?"

ನಾನೇ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಊರೆಲ್ಲ ಕೂಗಾಡುವ ಗಂಟಲಲ್ಲವೇ ಇದು!

ಹನುಮಯ್ಯ ನನ್ನ ಕಡೆ ನೋಡಲೂ ಇಲ್ಲ. "ನಾನೇ ಕಣವ್ವ" ಎಂದ. "ಅದ್ನೂ ನಾನೇ ಅಂದಿದ್ದು."

ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು. "ಎದ್ದೋಗಿ" ಎಂದಳು. ಅವನು ನಿಂತೇ ಇದ್ದ. ಅದು ಅವಳಿಗೆ ಕಾಣಲಿಲ್ಲ. "ಈ ಬಾಗ್ಲಿಗೆ ಮತ್ತೆ ಬರ್ಬ್ಯಾಡಿ." ಅವನು ತಲೆ ತಗ್ಗಿಸಿ ಜಗಲಿ ಇಳಿದು ಬೀದಿಗೆ ಹೋದ. ನಾನೂ ಏಳಲು ಹೋದೆ. "ನೀವು ಕೂತ್ಕಳಿ. ನೀವಿಲ್ದಿದ್ರೆ ಆ ಕಾಗ್ದ ಇವತ್ಗೂ ಸಿಕ್ತಿರಲಿಲ್ಲ ಅಂದ ಅಣ್ಣ" ಎಂದು ಒಳಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದುಕೊಟ್ಟಳು. ಬೀದಿಯ ಬಿಸಿಲಿನಲ್ಲಿ ಹನುಮಯ್ಯ ನನಗಾಗಿ ಕಾಯುತ್ತಾ ನಿಂತಿದ್ದ. ಅವಳು ಎದುರಿಗೇ ನಿಂತಿದ್ದಳು. ನಾನು ಮಜ್ಜಿಗೆಯನ್ನು ಪೂರ್ತಿ ಕುಡಿದು ಚೆಂಬನ್ನು ಅವಳ ಕೈಗೆ ಕೊಟ್ಟೆ.